ಕಾಕಾಗ ಹೇಳು, ಅಪ್ಪಗ ಹೇಳು

ನಿನ್ನೆ ಸಂಜೆ ಟೀವಿಯಲ್ಲಿ ಯಾರೋ ನಗುತ್ತಿದ್ದರು. ಯಾರೆಂದು ಕಾಣುವುದಿಲ್ಲ. ಈ ಹಾಸ್ಯ ಧಾರಾವಾಹಿಯವರು ನಗುವವರನ್ನೂ ತಾವೇ ಕೂಡಿಹಾಕಿ ಇಟ್ಟಿರುತ್ತಾರೆ. ನಮಗೆ ನಗು ಬರಲಿ ಬಿಡಲಿ, ಅವರು ಹೊತ್ತಿಗೆ ಸರಿಯಾಗಿ ಹೋ ಎನ್ನುತ್ತಾರೆ. ನಿನ್ನೆಯ ಕಂತಿನಲ್ಲಿ ಮಾತು ಬಿಟ್ಟ ಅಣ್ಣ ತಮ್ಮ ಎದುರುಬದುರು ಊಟಕ್ಕೆ ಕೂತಿದ್ದರು. ನಡುವೆ ಒಂದು ನಾಯಿ. "ಅವನಿಗೆ ಉಪ್ಪು ಕೊಡಲು ಹೇಳು" ಎಂದು ಅಣ್ಣ ನಾಯಿಗೆ ಹೇಳಿದ. ಕಾಣದ ಜನ ನಕ್ಕರು. ಪಕ್ಕದಲ್ಲಿ ಕೂತ ನನ್ನ ಮೊಮ್ಮಗಳೂ ನಕ್ಕಳು. ನನಗೆ ಮಾತ್ರ ಸಿಟ್ಟು ಬಂತು. ಏಕೆಂದರೆ ಆ ನಾಯಿಯ ಜಾಗದಲ್ಲಿ ಮೊದಲು ಕೂತವಳು ನಾನು.

ನಗಬೇಡಿ, ನಿಮಗೆ ಖರೇ ಹೇಳುತ್ತೇನೆ. ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಪ್ಪನ ತಮ್ಮ, ಮದುವೆಯಾಗದೆ ಉಳಿದ ಕಾಕಾ. ಎರಡರ ನಡುವೆ ರಾಟಿ ಹಿಡಿದು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತ ನಾನು. ಅಪ್ಪ ಮತ್ತು ಕಾಕಾ ಮಾತು ಬಿಟ್ಟಿದ್ದರು. ಕಾರಣ ಒಂದು ಸೀರೆಯ ಅಂಚು. ಕೆಂಪಾಗಬೇಕಿದ್ದ ಅಂಚು ಬದನೇಕಾಯಿ ಬಣ್ಣಕ್ಕೆ ಹೇಗೆ ತಿರುಗಿತು ಎಂಬ ಬಗ್ಗೆ ಇಬ್ಬರ ಬಳಿಯೂ ಒಂದೊಂದು ಪುರಾಣವಿತ್ತು. ಆ ಸೀರೆ ಯಾರೋ ಉಟ್ಟು, ಹರಿದು, ಕೌದಿಗೆ ಸೇರಿದರೂ ಜಗಳ ಮಾತ್ರ ಗಟ್ಟಿ ನೇಯ್ಗೆಯದು, ಹರಿಯಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕನ್ನಡ ನಾಡೆಲ್ಲ ಒಂದಾಗಬೇಕು ಎಂದು ಊರು ಮಾತಾಡುತ್ತಿದ್ದ ಕಾಲ. ಇಬ್ಬರೂ ಅದಕ್ಕೆ ಕೈ ಎತ್ತಿದವರೇ. ಆದರೆ ಒಳಗೆ ಬಂದು, "ನಾಡು ಒಂದಾಗಾಕ ಬೇಕಂತ ನಿಮ್ಮ ಕಾಕಾಗ ಹೇಳು" ಎಂದು ಅಪ್ಪ ನನಗೆ ಹೇಳುತ್ತಿದ್ದ. ಕಾಕಾ ಒಂದು ಮೊಳ ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿರುತ್ತಿದ್ದ. ಆದರೂ ನಾನು ಹೇಳುವ ತನಕ ಕಾಯುತ್ತಿದ್ದ. ಹೇಳಿದ ಮೇಲೆ "ಆಗಾಕ ಬೇಕು, ಅಂತ ಹೇಳು" ಎನ್ನುತ್ತಿದ್ದ.

ಈ ನೌಕರಿಯಲ್ಲಿ ನಾನು ಒಂದು ಸಣ್ಣ ಸುಧಾರಣೆ ತಂದಿದ್ದೆ. "ಆ ಕತ್ತಿಗೆ ಊಟಕ್ಕ ಏಳಂತ ಹೇಳು" ಎಂದು ಅಪ್ಪ ಅಂದರೆ, ನಾನು "ಕಾಕಾ, ಅಪ್ಪ ಊಟಕ್ಕ ಕರ್ಯಾಕತ್ತಾನ" ಎನ್ನುತ್ತಿದ್ದೆ. ಕತ್ತೆ ಎಂದದ್ದು ಕಾಕಾನ ಕಿವಿಗೆ ಬಿದ್ದೇ ಇರುತ್ತಿತ್ತು. ಆದರೂ ಅವನು ಉತ್ತರ ಕೊಡುತ್ತಿದ್ದದ್ದು ನನ್ನ ಮಾತಿಗೇ. ದಿಲ್ಲಿಯಲ್ಲಿ ರಾಯಭಾರಿಗಳಿರುತ್ತಾರೆಂದು ಕೇಳಿದಾಗ, ಗಜೇಂದ್ರಗಡದಲ್ಲೂ ಒಬ್ಬಳಿದ್ದಾಳೆಂದು ನಾನು ಜಂಬಪಡುತ್ತಿದ್ದೆ. ಎರಡು ಜಡೆ, ಕೈಗೆಲ್ಲ ಗಂಜಿಯ ವಾಸನೆ, ಆದರೆ ಗತ್ತು ಮಾತ್ರ ಭಾರಿ.

ಅಂಥವಳನ್ನು ನೋಡಲು ನರಗುಂದದಿಂದ ಕಾಳಿನ ವ್ಯಾಪಾರಿಗಳೊಬ್ಬರು ಹೆಂಡತಿ, ಮಗನ ಜೊತೆ ಬರುವುದೆಂದಾಯಿತು. ಅವ್ವ ಹಿಂದಿನ ದಿನವೇ ನಮ್ಮ ಮೂವರನ್ನೂ ಸಾಲಾಗಿ ಕೂರಿಸಿಕೊಂಡಳು.

"ನೀವಿಬ್ಬರೂ ನಾಳಿ ಒಂದ ದಿವಸ ಮನಶ್ಯಾರಂಗ ಇರ್ರಿ. 'ಅವಗ ಹೇಳು, ಇವಗ ಹೇಳು' ಅಂದ್ರ ಮನಿ ಮಾನ ಹೊಕ್ಕೈತಿ. ಮತ್ತ ನೀನು," ಎಂದು ನನ್ನತ್ತ ತಿರುಗಿದಳು, "ಬಾಯಿ ತೆರದಿ ಅಂದ್ರ ನೋಡು. ಅವರು ಬಸ್ ಹತ್ತೂತನಕ ನೀ ಮೂಕಿ."

ಮೂಕಿಯಾಗಿ ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕೂತೆ. ತಲೆ ತಗ್ಗಿಸಿದ್ದರೂ ಹುಡುಗನ ಕಿವಿ ಕಂಡಿತು. ಸ್ವಲ್ಪ ಅಗಲವಾದ, ಎದುರಿನವರ ಮಾತು ಕೇಳಲೆಂದೇ ಮಾಡಿದಂಥ ಕಿವಿ. ಅಷ್ಟು ನೋಡಿಯೇ ನನಗೆ ಇವನೇ ಬೇಕು ಅನ್ನಿಸಿತು. ಈಗಿನ ಹುಡುಗಿಯರು ನಗುತ್ತಾರೆ. ನಮ್ಮ ಕಾಲದಲ್ಲಿ ಕಂಡಷ್ಟರಲ್ಲೇ ಮನಸ್ಸು ಮಾಡಬೇಕಿತ್ತು.

ಉಪ್ಪಿಟ್ಟು ಬಂತು. ಹುಡುಗನ ತಾಯಿ ನೇರ ಮಾತಿನ ಹೆಂಗಸು. "ಹುಡುಗಿ ನಮಗ ಒಪ್ಪಿಗಿ ಐತ್ರಿ. ಉಗಾದಿ ಆದ ಮ್ಯಾಲ ಲಗ್ನಾ ಇಟ್ಕೊಳ್ಳೋಣೇನ್ರಿ?" ಎಂದರು.

ತಮ್ಮನನ್ನು ಕೇಳದೆ ಅಪ್ಪ ಒಂದು ಲಾಳಿಯನ್ನೂ ಕೊಂಡವನಲ್ಲ. ರೂಢಿಯಂತೆ ನನ್ನನ್ನು ನೋಡಿದ. ಕಾಕಾನೂ ನನ್ನನ್ನೇ ನೋಡಿದ. ನಾನು ಚಾಪೆಯನ್ನು ನೋಡಿದೆ. ಅವ್ವ ಬಾಗಿಲ ಸಂದಿಯಿಂದ ಮೂವರನ್ನೂ ನೋಡಿದಳು. ಉಪ್ಪಿಟ್ಟು ಆರುತ್ತ ಬಂತು.

ಹುಡುಗನ ತಂದೆ ಪಕ್ಕಕ್ಕಿಟ್ಟ ರುಮಾಲು ತಲೆಗೆ ಸುತ್ತಿಕೊಂಡು ಎದ್ದರು. "ನಿಮಗ ಮನಸ್ಸಿಲ್ಲಂತ ಕಾಣ್ತೈತಿ. ಇರ್ಲಿ ಬಿಡ್ರಿ. ರೋಣದ ಮ್ಯಾಲ ಹೋಗೋ ಬಸ್ ಸಿಕ್ಕೀತು, ನಾವಿನ್ನ ಬರ್ತೇವಿ."

ಆ ಅಗಲ ಕಿವಿ ಬಾಗಿಲ ಕಡೆ ತಿರುಗಿತು. ಅವ್ವನ ಆಣತಿ ಅಲ್ಲಿಗೇ ಮುಗಿಯಿತು.

"ಕಾಕಾ, ಉಗಾದಿ ಆದ ಮ್ಯಾಲ ಲಗ್ನಾ ಆಗಬಹುದೇನು ಅಂತ ಅಪ್ಪ ಕೇಳಾಕತ್ತಾನ," ಎಂದೆ.

ಕಾಕಾನಿಗೆ ಹೋದ ಜೀವ ಬಂದಂತಾಯಿತು. "ಆಗ್ಲಿ ಅಂತ ಹೇಳು. ಮತ್ತ ಧಾರಿ ಸೀರಿ ಪ್ಯಾಟ್ಯಾಗ ತರ್ತಾನಂತ ಅಂವಾ. ತಲ್ಯಾಗ ಮೆದುಳ ಐತೋ ಇಲ್ಲೋ ಕೇಳು. ನನ್ನ ಕೈಕಾಲ ಗಟ್ಟಿ ಇರೂತನಕ ಈ ಹುಡುಗಿ ಅಂಗಡಿ ಸೀರಿ ಉಡತಾಳೇನು?"

"ಅಪ್ಪಾ, ಆಗ್ಲಿ ಅಂತ. ಧಾರಿ ಸೀರಿ ಕಾಕಾನ ನೇಯ್ತಾನಂತ."

ಒಳಗೆ ಅವ್ವ ಹಣೆ ಚಚ್ಚಿಕೊಂಡ ಸಪ್ಪಳ ಕೇಳಿಸಿತು. ಹುಡುಗನ ತಾಯಿ ನನ್ನ ಹತ್ತಿರ ಸರಿದು ಕೂತರು. "ನಿಲ್ಲು ತಂಗಿ. ಮೆದುಳಿನ ಮಾತು ಎಲ್ಲಿ ಹೋತು?"

"ಅದು ನನ್ನ ಕಡೇನ ಉಳೀತೈತ್ರಿ," ಎಂದೆ.

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. "ಎಲ್ಲಾ ನೀನ ಇಟ್ಕೊಂಡ್ರ ಭಾರ ಆಗಂಗಿಲ್ಲೇನು?" ಎಂದು ಕೇಳಿದರು. ನಾನು ಜಾಣೆಯಂತೆ "ಇಲ್ರಿ, ರೂಢಿ ಆಗೇತಿ" ಎಂದೆ. ಅವರು ನನ್ನ ಬೆನ್ನು ಸವರಿ ಗಂಡನತ್ತ ತಿರುಗಿದರು. "ರುಮಾಲ ತಗದು ಕುಂದರ್ರಿ. ಈ ಹುಡುಗಿನ್ನ ಬಿಟ್ಟು ನಾ ಬಸ್ ಹತ್ತಂಗಿಲ್ಲ."

ಹೀಗೆ ನನ್ನ ಮದುವೆಯ ಮಾತುಕತೆಯನ್ನು ಪೂರ್ತಿ ನಾನೇ ಮುಗಿಸಿದೆ. ಲಜ್ಜೆಗೇಡಿ ಎಂದು ಓಣಿಯಲ್ಲಿ ಬಹಳ ದಿನ ಆಡಿಕೊಂಡರು.

ನರಗುಂದಕ್ಕೆ ಬಂದ ಮೇಲೆ ನನ್ನ ಚಿಂತೆ ಒಂದೇ: ನಾನಿಲ್ಲದೆ ಆ ಮನೆ ಹೇಗೆ ನಡೆದೀತು? ಇಬ್ಬರೂ ಮೂಕರಾಗಿ, ಮಗ್ಗ ನಿಂತು, ಅವ್ವ ಊರೂರು ಅಲೆಯುವಂತೆಲ್ಲ ಕನಸು ಬೀಳುತ್ತಿತ್ತು. ಪಂಚಮಿಗೆ ತವರಿಗೆ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಕಾಕಾ, "ಅಣ್ಣಾ, ಒಂದ ಕಂಡಿಕಿ ಕೊಡು" ಎಂದ. ಅಪ್ಪ "ತಗೋ" ಎಂದು ಕೊಟ್ಟ. ಅಷ್ಟೇ. ಇಷ್ಟು ಸುಲಭದ ಕೆಲಸಕ್ಕೆ ನನ್ನ ಬಾಲ್ಯವೆಲ್ಲ ಹಿಡಿದಿತ್ತೇ ಎಂದು ಹೊಟ್ಟೆ ಉರಿಯಿತು. ಸಂತೋಷ ಪಡಬೇಕಾದ ಮಗಳು ನೌಕರಿ ಹೋದವರಂತೆ ಮುಖ ಮಾಡಿ ಒಳಗೆ ಹೋದೆ.

ಇಬ್ಬರೂ ನನ್ನನ್ನು ನೋಡಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಕಾಕಾ ಗಂಟಲು ಸರಿಮಾಡಿಕೊಂಡು, "ಬಾ ತಂಗಿ. ಇನ್ನೊಂದ ಕಂಡಿಕಿ ಕೊಡಂತ ನಿಮ್ಮಪ್ಪಗ ಹೇಳು" ಎಂದ. ನನಗೆ ಅಳು ಬಂತು. ಅಳುತ್ತಲೇ ಹೇಳಿದೆ.

ಇನ್ನು ನಿನ್ನೆಯ ಸಿಟ್ಟಿನ ಎರಡನೆಯ ಕಾರಣ ಹೇಳಿಬಿಡುತ್ತೇನೆ. ಆ ಅಗಲ ಕಿವಿಯ ಹುಡುಗನ ಜೊತೆ ನಾನು ನಿನ್ನೆ ಬೆಳಗಿನಿಂದ ಮಾತು ಬಿಟ್ಟಿದ್ದೆ. ಸಕ್ಕರೆ ಕಾಯಿಲೆಯ ಮನುಷ್ಯ, ಚಹಾದಲ್ಲಿ ಸಕ್ಕರೆ ಇಲ್ಲವೆಂದು ಬಟ್ಟಲು ನೂಕಿದ್ದ. ಟೀವಿ ಮುಂದೆ ಆತ ಆ ಕಡೆ, ನಾನು ಈ ಕಡೆ, ನಡುವೆ ಮೊಮ್ಮಗಳು.

"ಆ ಎಮ್ಮಿತಲಿ ಮುದುಕಗ ಹೇಳು," ಎಂದೆ, "ಚಹಾ ಬೇಕಿದ್ರ ಬೊಗಳಂತ."

ಮೊಮ್ಮಗಳು ಟೀವಿಯಿಂದ ಕಣ್ಣು ತೆಗೆಯದೆ, "ಅಜ್ಜಾ, ಚಹಾ ಮಾಡ್ಲೇನು ಅಂತ ಅಜ್ಜಿ ಕೇಳಾಕತ್ತಾಳ" ಎಂದಳು.

ಟೀವಿಯಲ್ಲಿ ಕಾಣದ ಜನ ಮತ್ತೆ ಹೋ ಎಂದರು. ನಾನು ಮೊಮ್ಮಗಳತ್ತ ತಿರುಗಿದೆ.

"ಉಳಿದ ಮಾತು ಏನ್ ಮಾಡಿದಿ, ತಂಗಿ?"

"ಹೇಳ್ಲಿಲ್ಲ. ನನ್ನ ಕಡೇನ ಐತಿ."

"ಭಾರ ಆಗಂಗಿಲ್ಲೇನು?"

"ಇಲ್ಲಜ್ಜಿ," ಎಂದಳು. "ರೂಢಿ ಆಗೇತಿ."

ನಾನು ಎದ್ದೆ. ಅವಳನ್ನು ನನ್ನ ಜಾಗಕ್ಕೆ ಸರಿಸಿ ಅವಳ ಜಾಗದಲ್ಲಿ ನಾನು ಕೂತೆ. ಈಗ ನಡುವೆ ಯಾರೂ ಇರಲಿಲ್ಲ. "ಎಮ್ಮಿತಲಿ ಅಂದದ್ದು ನಾನ," ಎಂದೆ ಆತನಿಗೆ. "ಸಕ್ಕರಿ ಹಾಕಂಗಿಲ್ಲ. ಚಹಾ ಮಾಡ್ಲೇನು?"

ಆತ ರೂಢಿಯಂತೆ ಮೊಮ್ಮಗಳ ಕಡೆ ನೋಡಿದ. ಅವಳು ಟೀವಿ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದ.

"ಮಾಡು," ಎಂದ.