ಹೊಡೆಯದೆ ಬೇಸ್ ತಲುಪುವುದು

ಮಗಳ ಬ್ಯಾಟಿಗೆ ಚೆಂಡು ತಾಗುತ್ತಿಲ್ಲವೆಂದು ಆ ಬೇಸಿಗೆಯೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ. ನೆದರ್ಲೆಂಡ್ಸಿನ ಈ ಬಾಡ್‌ಹೂವೆಡಾರ್ಪ್‌ಗೆ ಬಂದಾಗಿನಿಂದ ಶಾಲೆಯಲ್ಲಿ ಬಾಯಿಯೇ ಬಿಡದಿದ್ದ ಹುಡುಗಿ ನಗಲು ಕಲಿತದ್ದು ಈ ಬೇಸ್‌ಬಾಲ್ ತಂಡಕ್ಕೆ ಸೇರಿದ ಮೇಲೆ. ಅವಳಿಗಿದ್ದ ಗೆಳತಿಯರೆಲ್ಲ ಅಲ್ಲಿಯವರೇ. ಮುಂದಿನ ಸೀಸನ್ನಿಗೆ ಯಾರನ್ನು ಉಳಿಸಿಕೊಳ್ಳುತ್ತೇನೆಂದು ಕೋಚ್ ಆ ಶನಿವಾರದ ಪಂದ್ಯ ಮುಗಿದ ಮೇಲೆ ಹೇಳುವವರಿದ್ದರು.

ನಾನು ಧಾರವಾಡದ ಓಣಿಯಲ್ಲಿ ಅಣ್ಣಂದಿರ ಜೊತೆ ಕ್ರಿಕೆಟ್ ಆಡಿ ಬೆಳೆದವಳು. ವೈಡ್ ಬಾಲಿನ ರನ್ನು ಎಕ್ಸ್‌ಟ್ರಾಕ್ಕೆ ಹೋಗುತ್ತದೆ, ಆಡುವವರ ಹೆಸರಿಗೆ ಬರುವುದಿಲ್ಲ. ಇವಳೋ, ಹೊರಗೆ ಹೋಗುವ ಚೆಂಡನ್ನೆಲ್ಲ ಸುಮ್ಮನೆ ಬಿಡುತ್ತಾಳೆ. ಅಂಥ ನಾಲ್ಕು ಚೆಂಡು ಬಿದ್ದರೆ ಉಳಿದವರು ಹೊಡೆದು ಓಡಿ ಮುಟ್ಟುವ ಮೊದಲ ಬೇಸ್‌ಗೆ ಪುಕ್ಕಟೆ ನಡೆದುಹೋಗುತ್ತಾಳೆ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ಬೆಲೆ ಕೊಡುತ್ತಾರೆ?

"ಗೊಂಬಿಹಂಗ ನಿಂದರಬ್ಯಾಡ. ಇವತ್ತ ಏನರ ಬರ್ಲಿ, ಹೊಡಿ," ಎಂದು ಬೆಳಿಗ್ಗೆ ಸೈಕಲ್ ತುಳಿಯುತ್ತಲೇ ಗದರಿದ್ದೆ.

"ಓಕೆ, ಮಮ್," ಎಂದಿದ್ದಳು.

ಪಂದ್ಯದ ನಡುವೆ ತಡೆಯಲಾರದೆ ಬೇಲಿಯ ಹತ್ತಿರ ಕೋಚನ್ನು ಕೇಳಿಯೇಬಿಟ್ಟೆ: ಹೊಡೆಯುವುದೇ ಇಲ್ಲವಲ್ಲ, ಇವಳನ್ನು ಬಿಟ್ಟುಬಿಡುತ್ತೀರಾ? ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ತಾವು ನೋಡುವುದು ಆನ್-ಬೇಸ್ ಪರ್ಸೆಂಟೇಜ್ ಅಂತೆ. ಎಷ್ಟು ಸಲ ಆಡಲು ನಿಂತಳು, ಅದರಲ್ಲಿ ಎಷ್ಟು ಸಲ ಬೇಸ್ ತಲುಪಿದಳು, ಅಷ್ಟೇ. ಹೊಡೆದು ಓಡಿದರೂ ಸೈ, ನಾಲ್ಕು ಹೊರಗಿನ ಚೆಂಡು ಬಿಟ್ಟು ನಡೆದರೂ ಸೈ, ಚೆಂಡು ಮೈಗೆ ಬಡಿದು ಹೋದರೂ ಸೈ. ಹತ್ತಕ್ಕೆ ನಾಲ್ಕು ಸಲ ಇವಳು ತಲುಪುತ್ತಾಳೆ, ಬೀಸಿ ಹೊಡೆಯುವವರೂ ಅಷ್ಟು ತಲುಪುವುದಿಲ್ಲ. "ಅದಕ್ಕೇ ಅವಳನ್ನು ಮೊದಲು ಆಡಿಸುತ್ತೇನೆ. ಕೆಟ್ಟ ಚೆಂಡಿಗೆ ಬೀಸಲು ಶುರುಮಾಡಿದರೆ ಮಾತ್ರ ಯೋಚಿಸಬೇಕಾಗುತ್ತದೆ," ಎಂದರು.

ಬೆಳಿಗ್ಗೆ ನಾನು ಹೇಳಿಕೊಟ್ಟದ್ದು ಅದನ್ನೇ. ಅವಳು ಆಗಲೇ ಬ್ಯಾಟು ಹಿಡಿದು ನಿಂತಿದ್ದಳು. ಮೂರು ಚೆಂಡು ಹೊರಗೆ ಹೋಗಿದ್ದವು, ಹೊಡೆಯಬೇಕಾದ ಎರಡು ತಪ್ಪಿ ಸ್ಟ್ರೈಕ್ ಆಗಿದ್ದವು. ಇನ್ನೊಂದು ತಪ್ಪಿದರೆ ಔಟ್. "ಬಿಡು! ಹೊಡೀಬ್ಯಾಡ!" ಎಂದು ಕಿರುಚಿದೆ. ಪಕ್ಕದ ಸ್ಕಿಪೋಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಕೈಯಾಡಿಸಿದ್ದು ಹೊಡಿ ಅಂದಂತೆ ಕಂಡಿತೋ ಏನೋ, ದೇವರಿಗೇ ಗೊತ್ತು. ಚೆಂಡು ಪಾದದ ಮಟ್ಟದಲ್ಲಿ ಬಂತು. ಬ್ಯಾಟು ಅಲುಗಿ, ಅಲ್ಲೇ ನಿಂತಿತು.

ಅಂಪೈರ್ ಮೊದಲ ಬೇಸಿನ ಕಡೆ ಕೈ ತೋರಿಸಿದರು. ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ.

ಪಂದ್ಯ ಮುಗಿದ ಮೇಲೆ ಅವಳು ಹೆಲ್ಮೆಟ್ ತೆಗೆದು ಬಂದಳು. ಬಂದವಳು ನನ್ನ ಹತ್ತಿರಕ್ಕೆ ಬರದೆ ಸ್ವಲ್ಪ ದೂರದಲ್ಲೇ ನಿಂತಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಮೆಲ್ಲಗೆ ಕೇಳಿದಳು: "ಅವ್ವಾ, ನಾ ಹೊಡೀಲಿಲ್ಲ. ಸಿಟ್ಟ ಬಂತೇನು?"