ಸರಿಸಲು ಹೋದ ರಜೆ

ಮೇ ಒಂದನೇ ತಾರೀಖು ಬಂತೆಂದರೆ ನನಗೆ ಸುಸ್ತು. ದುಡಿದು ಬಂದ ಸುಸ್ತಲ್ಲ, ಅಷ್ಟು ದುಡಿಯುವವನೂ ನಾನಲ್ಲ. ಬಣಕಲ್ ಪಕ್ಕ ಸಣ್ಣ ಕಾಫಿ ತೋಟ ಇಟ್ಟುಕೊಂಡವನಿಗೆ ಕೆಲಸ ನಡೆದ ದಿನಕ್ಕಿಂತ ನಿಂತ ದಿನವೇ ಹೆಚ್ಚು ಆಯಾಸ.

ಕಾರ್ಮಿಕರ ದಿನದ ಮೂಲ ಚಿಕಾಗೋ ಎಂದು ಕಾಲೇಜಿನಲ್ಲಿ ಓದಿದ್ದೆ. ದಿನಕ್ಕೆ ಎಂಟೇ ಗಂಟೆ ಕೆಲಸ ಬೇಕೆಂದು ಜನ ಬೀದಿಗಿಳಿದರು, ಬಾಂಬು ಸಿಡಿಯಿತು, ಕೆಲವರು ಗಲ್ಲಿಗೇರಿದರು. ಅದರ ನೆನಪಿಗೆ ಎಷ್ಟೋ ದೇಶಗಳು ಮೇ ಒಂದನ್ನು ಹಿಡಿದುಕೊಂಡರೆ, ಅದು ನಡೆದ ಅಮೆರಿಕ ಮಾತ್ರ ಸೆಪ್ಟೆಂಬರಿನ ಮೊದಲ ಸೋಮವಾರ ರಜೆ ಮಾಡುತ್ತದೆ. ಮೇ ತಿಂಗಳ ಕಹಿ ಬೇಡವೆಂದು ಹಾಗೆ ಮಾಡಿಕೊಂಡರು ಎಂದು ಮೇಷ್ಟ್ರು ಹೇಳಿದ ನೆನಪು. ಸೆಪ್ಟೆಂಬರಿನ ಮೆರವಣಿಗೆ ಅದಕ್ಕಿಂತ ಹಳೆಯದು ಎಂದು ಆಮೇಲೆ ಎಲ್ಲೋ ಓದಿದ ನೆನಪು. ಯಾವ ನೆನಪನ್ನು ನಂಬಲಿ? ನ್ಯೂಜಿಲೆಂಡಿನವರದು ಅಕ್ಟೋಬರ್, ಜಪಾನಿನವರದು ನವೆಂಬರ್. ಆಸ್ಟ್ರೇಲಿಯದಲ್ಲಂತೂ ರಾಜ್ಯ ದಾಟಿದರೆ ದಿನ ಬೇರೆ.

ನಗುವ ಹಾಗಿಲ್ಲ, ನಮ್ಮಲ್ಲೂ ಅದೇ ಕತೆ. ತೋಟಗಳಿಗೆ ವಾರದ ರಜೆ ಭಾನುವಾರವಲ್ಲ, ಹತ್ತಿರದ ಊರಿನ ಸಂತೆಯ ದಿನ. ಊರು ಬೇರೆಯಾದರೆ ಸಂತೆ ಬೇರೆ, ರಜೆಯೂ ಬೇರೆ.

ಕಳೆದ ಏಪ್ರಿಲ್ ಕೊನೆಗೆ ಒಳ್ಳೆಯ ಮಳೆ ಬಿತ್ತು. ನೆಲ ಹಸಿಯಿರುವಾಗಲೇ ಗೊಬ್ಬರ ಹಾಕಿ ಮುಗಿಸಬೇಕು. ದೇಶದೇಶಗಳೇ ತಿಂಗಳುಗಟ್ಟಲೆ ಆಚೀಚೆ ಇಟ್ಟುಕೊಂಡಿರುವ ರಜೆಯನ್ನು ನಾನು ನಾಲ್ಕು ದಿನ ಮುಂದೆ ಹಾಕಿದರೆ ಏನಾದೀತು? ಮೇ ಒಂದಕ್ಕೆ ಕೆಲಸ, ಬದಲಿ ರಜೆ ಆಮೇಲೆ ಎಂದು ಮೇಸ್ತ್ರಿಯಿಂದ ಆಳುಗಳಿಗೆ ಹೇಳಿಸಿದೆ. ಎಲ್ಲರೂ ಹ್ಞೂಂ ಅಂದರು, ಸುಶೀಲ ಒಬ್ಬಳನ್ನು ಬಿಟ್ಟು. ಅವಳು ಸೀದಾ ನಮ್ಮ ಅಂಗಳಕ್ಕೆ ಬಂದಳು.

"ನಮ್ಮಕ್ಕ ಆಲ್ದೂರ್ ಕಡೆ ತೋಟದಲ್ಲಿ ಇರದು ಅಯ್ಯ. ಅವ್ಳಿಗೆ ರಜ ಇದ್ದಾಗ ನಂಗಿಲ್ಲ, ನಂಗಿದ್ದಾಗ ಅವ್ಳಿಗಿಲ್ಲ. ಇಬ್ರಿಗೂ ಒಟ್ಟಿಗೆ ಸಿಗದು ಇದೊಂದೇ."

ಜನವರಿ, ಆಗಸ್ಟಿನ ರಜೆಗಳಿಲ್ಲವೇ ಎಂದೆ. ಜನವರಿಯದು ಕಾಫಿ ಕುಯ್ಲಿನಲ್ಲೇ ಹೋಗುತ್ತದೆ, ಆಗಸ್ಟಿನ ಮಳೆಗೆ ಯಾರು ಬಸ್ಸು ಹತ್ತುತ್ತಾರೆ, ಹಬ್ಬ ಬಂದರೆ ಇಬ್ಬರಿಗೂ ಅವರವರ ಗಂಡನ ಮನೆ ಎಂದಳು. ನಾಲ್ಕು ದಿನ ಬಿಟ್ಟು ಕೊಡುತ್ತೇನಲ್ಲ ಎಂದು ನಾನು ಮತ್ತೆ ಎಳೆದೆ.

"ಆಗ ಅಕ್ಕಂಗೆ ಯಾರ್ ಕೊಡ್ತಾರೆ? ನೀವ್ ಕೊಡ್ತೀರಾ?"

ಅವಳು ಇಷ್ಟು ನೇರವಾಗಿ ಕೇಳಿದಳೋ, ನನ್ನ ನೆನಪು ನೇರ ಮಾಡಿಕೊಂಡಿತೋ ಗೊತ್ತಿಲ್ಲ. ಅವಳೊಬ್ಬಳಿಗೇ ರಜೆ ಕೊಟ್ಟರೆ ಉಳಿದವರು ಸುಮ್ಮನಿರುತ್ತಾರೆಯೇ? ಎಲ್ಲರಿಗೂ ರಜೆ ಎಂದುಬಿಟ್ಟೆ. ಮೇ ಒಂದರಂದು ದಿನವಿಡೀ ಬಿಸಿಲು ಬಿತ್ತು. ನೆಲ ಒಣಗುವುದನ್ನು ಜಗಲಿಯಲ್ಲಿ ಕೂತು ನೋಡಿದೆ.

ಮರುದಿನ ಬೆಳಿಗ್ಗೆ, ಅಕ್ಕತಂಗಿ ಏನೇನು ಮಾತಾಡಿದಿರಿ ಎಂದು ಸುಶೀಲಳನ್ನು ಕೇಳಿದೆ. ನನ್ನ ತ್ಯಾಗದ ಫಲ ಏನೆಂದು ನನಗೂ ತಿಳಿಯಬೇಡವೇ?

"ಊಟ ಮಾಡಿ ಮಾತಾಡನ ಅಂತ ಕೂತ್ವಿ ಅಯ್ಯ. ಇಬ್ರಿಗೂ ನಿದ್ದೆ ಬಂದ್ಬಿಡ್ತು. ಎಚ್ರ ಆಗೋ ಹೊತ್ತಿಗೆ ಅವ್ಳ ಬಸ್ಸಿನ ಟೈಮು."

ಮುಖ ತಿಳಿಯಾಗಿತ್ತು. ಗೊಬ್ಬರದ ಬುಟ್ಟಿ ಸೊಂಟಕ್ಕೇರಿಸಿಕೊಳ್ಳುತ್ತ ಹೇಳಿದಳು: "ಮಾತು ಬರೋ ವರ್ಷ ಆಡಿದ್ರಾಯ್ತು."