ಟೇಪು ಉಳಿಸಿದ ಮೇಷ್ಟ್ರು

ಊರಿಗೆಲ್ಲ ಒಂದೇ ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲಿ, ಶ್ರೀರಂಗಪಟ್ಟಣದ ಮುದುಕರ ಮಾತು ಹಿಡಿದು ಇತಿಹಾಸ ಉಳಿಸುತ್ತೇನೆಂದು ಹೊರಟಿದ್ದ ಮೇಷ್ಟ್ರೊಬ್ಬರು ನಮ್ಮ ಬೀದಿಯಲ್ಲಿದ್ದರು. ಸುಲ್ತಾನ, ಕೋಟೆ ಬಿಟ್ಟು ಮಾತು ಬೇರೆ ಕಡೆ ಹೊರಳಿದರೆ ಸಾಕು, "ಟೇಪು ದಂಡ" ಎಂದು ಯಂತ್ರ ನಿಲ್ಲಿಸುವರು.

ನಮ್ಮಜ್ಜಿ ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ ಊರಿನವಳು. ಮನೆಯ ಬಾಗಿಲು ಕಿತ್ತು ಗಾಡಿಗೆ ಹೇರಿದ್ದು, ತಿರುಗಿ ನೋಡಿದರೆ ಅಂಗಳಕ್ಕೆ ನೀರು ಬಂದಿದ್ದು, ಎಲ್ಲ ಹೇಳಿದಳು. ಮೇಷ್ಟ್ರು ಯಂತ್ರ ನಿಲ್ಲಿಸಿ ಕೈಗಡಿಯಾರಕ್ಕೆ ಕೀ ಕೊಡುತ್ತ ಕೂತಿದ್ದರು. ಅವಳು ಕಣ್ಣೊರೆಸಿಕೊಂಡ ಮೇಲೆ ಗುಂಡಿ ಒತ್ತಿ, "ಅಜ್ಜಿ, ಸುಲ್ತಾನರ ನಿಧಿ ವಿಚಾರ ಏನ್ ಗೊತ್ತು ನಿಮ್ಗೆ?" ಎಂದರು.

ಅಜ್ಜಿ ಸತ್ತ ವರ್ಷ ಅವಳ ದನಿ ಕೇಳಲು ಹೋದೆ. ಮೇಷ್ಟ್ರು ಹೆಮ್ಮೆಯಿಂದ ಟೇಪು ಹಾಕಿದರು. ಅವರ ಪ್ರಶ್ನೆಯಾದ ಮೇಲೆ ಅಜ್ಜಿಯದು ಇದ್ದದ್ದು ಒಂದೇ ಮಾತು:

"ನಂಗೊತ್ತಿರಾದ್ನೆಲ್ಲ ಈಗ್ತಾನೆ ಯೋಳ್ಬುಟ್ನಲ್ಲ ಮೇಷ್ಟ್ರೇ."